ಕಲಾಚಾರ್ಯ ನಂದಲಾಲ ಬೋಸರು

ಶಿಲ್ಪವೆಂಬ ಶಬ್ದಕ್ಕೆ ಇಂದು ಕಲ್ಲಿನಲ್ಲಿ ಕಡೆದ ಮೂರ್ತಿಯೆಂಬ ಅರ್ಥವೇ ಪ್ರಚುರವಾಗಿದೆ. ಪ್ರಾಚೀನರು ಅದನ್ನು ಇಷ್ಟು ಸಂಕುಚಿತವಾಗಿ ಬಳಸಿದವರಲ್ಲ. ಐತರೇಯ ಬ್ರಾಹ್ಮಣದಲ್ಲಿ ಕಂಚಿನ ಪಾತ್ರೆ, ವಸ್ತ್ರ, ಬಂಗಾರ, ರಥ ಇವೆಲ್ಲವೂ ಶಿಲ್ಪಕ್ಕೆ ಉದಾಹರಣೆಗಳಾಗಿ ಎಣಿಸಲ್ಪಟ್ಟಿವೆ. ಅಂದ ಬಳಿಕ ಕಂಚುಗಾರ, ನೇಕಾರ, ಅಕ್ಕಸಾಲಿಗ, ಬಡಗಿ ಇವರೆಲ್ಲರೂ ಶಿಲ್ಪಿಗಳೇ ಸರಿ. ಚಿತ್ರ ಬರೆಯುವವನು ಅವರ ಪಂಕ್ತಿಯಲ್ಲಿ ಕುಳಿತ ಇನ್ನೊಬ್ಬನು. ಪಾಶ್ಚಾತ್ಯ ವಿದ್ಯಾಪದ್ಧತಿಯು ನಮ್ಮ ದೇಶದಲ್ಲಿ ಬೇರೂರಿದ ಮೇಲೆ ಈ ಪಂಕ್ತಿ ಮುರಿಯಿತು. ಚಿತ್ರಕಾರನು ಪಟ್ಟಣದ ಸಭ್ಯ ಗೃಹಸ್ಥನಾದನು. ಕುಂಬಾರನು ತನ್ನ ಕೇರಿಯಲ್ಲಿಯೇ ಉಳಿದನು. ಒಬ್ಬನದು ಕಲೆ, ಮತ್ತೊಬ್ಬನದು ಬರಿಯ ಕೈಕೆಲಸ ಎಂಬ ಭೇದಬುದ್ಧಿಯು ವಿದ್ಯಾವಂತರಲ್ಲಿ ಬಲಿಯಿತು. ಈ ಗೋಡೆಯನ್ನು ತಮ್ಮ ದೀರ್ಘಕಾಲದ ದುಡಿಮೆಯಿಂದ ಕೆಡವಿದ ಮಹನೀಯರು ವಂಗದೇಶದ ಚಿತ್ರಕಾರರಾದ ನಂದಲಾಲ ಬೋಸರು.

ನಂದಲಾಲರು 1882ನೆಯ ಇಸವಿ ಡಿಸೆಂಬರ್ 3ರಂದು ಬಿಹಾರದ ಮುಂಗೇರ್ ಜಿಲ್ಲೆಯ ಖರಗ್‌ಪುರದಲ್ಲಿ ಜನಿಸಿದರು. ವಂಶವು ಬಂಗಾಳದ್ದು. ತಂದೆ ಪೂರ್ಣಚಂದ್ರ ಬೋಸರು ದರ್ಭಂಗಾ ಮಹಾರಾಜರ ಸಂಸ್ಥಾನದ ಸೇವೆಯಲ್ಲಿದ್ದುದರಿಂದ ಕುಟುಂಬವು ಅಲ್ಲಿ ನೆಲೆಸಿತ್ತು. ತಾಯಿ ಕ್ಷೇತ್ರಮಣಿದೇವಿಯು ಸಾಧ್ವಿ, ಕೈಚಳಕವುಳ್ಳವಳು. ಕೈಗೆ ಸಿಕ್ಕಿದುದರಿಂದಲೇ ಗೊಂಬೆಗಳನ್ನೂ ಆಟದ ಸಾಮಾನುಗಳನ್ನೂ ಮಾಡಿ ಮಕ್ಕಳ ಮುಂದಿಡುತ್ತಿದ್ದಳು. ನಂದಲಾಲನು ಇನ್ನೂ ಬಾಲಕನಾಗಿರುವಾಗಲೇ ಆ ತಾಯಿ ತೀರಿಕೊಂಡಳು. ಆದರೆ ಅವಳ ಬೆರಳುಗಳಲ್ಲಿದ್ದ ವಿದ್ಯೆಯ ರುಚಿಯು ಮಗನಿಗೆ ಹತ್ತಿಯಾಗಿತ್ತು.

ಖರಗ್‌ಪುರವು ದೊಡ್ಡ ಪಟ್ಟಣವಲ್ಲ. ಅಲ್ಲಿ ಚಿತ್ರಶಾಲೆಯೂ ಇರಲಿಲ್ಲ, ವಸ್ತುಸಂಗ್ರಹಾಲಯವೂ ಇರಲಿಲ್ಲ, ಕುಂಬಾರರಿದ್ದರು. ಶಾಲೆಗೆ ಹೋಗುವ ಹುಡುಗನು ಅವರ ಕೆಲಸದ ಮುಂದೆ ನಿಂತು ಮೈಮರೆಯುತ್ತಿದ್ದನು. ಪೂರ್ವದೇಶದಲ್ಲಿ ದೇವೀಪೂಜೆಯ ಮೂರ್ತಿಗಳನ್ನು ಮಾಡುವ ಕ್ರಮವು ನೋಡತಕ್ಕುದು. ಮೊದಲು ಬಿದಿರಿನ ಹಂದರ, ಅದರ ಮೇಲೆ ಹುಲ್ಲನ್ನು ಹುರಿಯಿಂದ ಬಿಗಿದು ಕಟ್ಟಿ ಅವಯವಗಳ ಆಕಾರ, ಅದರ ಮೇಲೆ ಒರಟು ಮಣ್ಣು, ಒಣಗಿ ಬಿರಿದ ಬಳಿಕ ನಯವಾದ ಮಣ್ಣು, ಆಮೇಲೆ ಸುಣ್ಣದ ಬಿಳುಪು, ಬಣ್ಣ, ಕಟ್ಟಕಡೆಗೆ ಕಣ್ಣು. ಹುಲ್ಲಿನ ಕಟ್ಟೊಂದು ದಿನೇ ದಿನೇ ದೇವಿಯಾಗುವ ಈ ಪರಿಯನ್ನು ಕಂಡ ಬಾಲಕನು ತಾನೂ ಮಣ್ಣಿನ ಮೂರ್ತಿಗಳನ್ನು ಮಾಡತೊಡಗಿದನು, ಪೂಜಾಮಂಟಪಗಳನ್ನು ಸಿಂಗರಿಸತೊಡಗಿದನು. ಮುಂದೆ ಅವರಿಗೆ ಮಹಾಮಹಾ ಗುರುಗಳು ದೊರೆತರು. ಆದರೆ ಮೊದಲ ಗುರುಗಳು ಇವರೇ.

1898ರಲ್ಲಿ ವಿದ್ಯಾಭ್ಯಾಸಾರ್ಥವಾಗಿ ನಂದಲಾಲರನ್ನು ಕಲ್ಕತ್ತೆಗೆ ಕಳುಹಿಸಿದರು. ಅಲ್ಲಿನ ವಿದ್ಯೆ ಅವರಿಗೆ ಒಗ್ಗಲಿಲ್ಲ. ಪ್ರವೇಶಪರೀಕ್ಷೆಯನ್ನು ಹೇಗೋ ದಾಟಿದರೂ ಕಾಲೇಜಿನ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಸೋತರು. 1903ರಲ್ಲಿ ಸುಧೀರಾದೇವಿಯೊಡನೆ ವಿವಾಹವಾಯಿತು. ಸಂಸಾರಸ್ಥನಾದ ಯುವಕನು ಒಂದಾದರೂ ಪದವಿಯನ್ನು ಪಡೆದು ಉದ್ಯೋಗ ಹಿಡಿಯಲೆಂದು ಹಿರಿಯರ ಆಸೆ. ಯುವಕನ ಮನಸ್ಸು ಚಿತ್ರಗಳ ಮೇಲೆ. ಮಧ್ಯಮವರ್ಗದ ಮನೆಯಲ್ಲಿ ಚಿತ್ರಕಾರನಾಗುತ್ತೇನೆನ್ನುವುದು ಆ ಕಾಲಕ್ಕೆ ಕುಲಕ್ಕೆ ಕುಂದು ತರುವ ಮಾತಾಗಿತ್ತೆಂದರೆ ಅತಿಶಯೋಕ್ತಿಯಲ್ಲ. ಅವನೀಂದ್ರನಾಥ ಠಾಕೂರರು ಬರೆದ ಬುದ್ಧ ಮತ್ತು ಸುಜಾತೆಯ ಚಿತ್ರವನ್ನು ನೋಡಿದಂದಿನಿಂದ ನಂದಲಾಲರು ಅವರನ್ನೇ ಗುರುವೆಂದು ಮನಸ್ಸಿನಲ್ಲಿ ವರಿಸಿದ್ದರು. ಕಡೆಗೆ 1905ರಲ್ಲಿ ಮನೆಯವರನ್ನು ಒಪ್ಪಿಸಿ ಕಲ್ಕತ್ತೆಯ ಸರಕಾರಿ ಕಲಾಶಾಲೆಯನ್ನು ಸೇರಿದರು. ಅಲ್ಲಿ ಹ್ಯಾವೆಲ್ ಎಂಬ ಆಂಗ್ಲ ವಿದ್ವಾಂಸರು ಮುಖ್ಯಾಧ್ಯಾಪಕರು, ಅವನೀಂದ್ರನಾಥರು ಉಪಾಧ್ಯಕ್ಷರು. ಆಂಗ್ಲರಾದರೂ ಹ್ಯಾವೆಲ್ಲರು ಭಾರತದ ಕೈಕೆಲಸಗಾರರ ಮಹಿಮೆಯನ್ನು ನಮ್ಮವರಿಗಿಂತ ಮೊದಲೇ ಅರಿತವರು. ಕೈಮಗ್ಗದ ಪುನರುದ್ಧಾರಕ್ಕಾಗಿ ಲೇಖನಿ ಹಿಡಿದವರು.

ಅವನೀಂದ್ರರ ಬಳಿ ನಂದಲಾಲರು ಐದು ವರ್ಷ ಶಿಷ್ಯವೃತ್ತಿ ಮಾಡಿದರು. ಗುರುಶಿಷ್ಯರ ಸಂಬಂಧ ಎಂತಹುದಿತ್ತೆಂಬುದಕ್ಕೆ ಅವನೀಂದ್ರರೇ ಮುಂದೆ ಹೇಳಿಕೊಂಡ ಪ್ರಸಂಗವೊಂದುಂಟು. ನಂದಲಾಲರು ಉಮೆಯ ತಪಸ್ಸಿನ ಚಿತ್ರವನ್ನು ಬರೆದು ಗುರುಗಳಿಗೆ ತೋರಿಸಿದರು. ಚಿತ್ರದಲ್ಲಿ ಬಣ್ಣವು ತೀರ ಕಡಿಮೆಯಾಗಿ ಕಂಡುದರಿಂದ ಉಮೆಯನ್ನು ಸ್ವಲ್ಪ ಸಿಂಗರಿಸಬೇಕೆಂದು ಗುರುಗಳು ಸೂಚಿಸಿದರು. ಶಿಷ್ಯರು ತಲೆದೂಗಿ ಹೋದರು. ಆ ರಾತ್ರಿ ಗುರುಗಳಿಗೆ ನಿದ್ದೆ ಬರಲಿಲ್ಲ. ಎಲ್ಲವನ್ನೂ ತೊರೆದು ತಪಸ್ಸಿಗೆ ನಿಂತವಳಿಗೆ ಸಿಂಗಾರವೆಲ್ಲಿಯದು, ನಂದಲಾಲನು ಕಂಡುದೇ ಸರಿ ಎಂದು ಅವರಿಗೆ ಹೊಳೆಯಿತು. ಬೆಳಗಾಗುತ್ತಲೇ ಶಿಷ್ಯನ ಮನೆಗೆ ಧಾವಿಸಿದರು. ನಂದಲಾಲರು ಆಗ ತಾನೇ ಕುಂಚವನ್ನು ಹಿಡಿದು ಚಿತ್ರದ ಮುಂದೆ ಕುಳಿತಿದ್ದರು. ಗುರುಗಳು ಅವರ ಕೈಯನ್ನು ತಡೆದರು, ಚಿತ್ರವು ಉಳಿಯಿತು. ತನ್ನ ಮಾತು ತಪ್ಪೆಂದು ತಿಳಿದಾಗ ಶಿಷ್ಯನ ಮನೆಯ ಬಾಗಿಲಿಗೆ ಓಡುವ ಗುರುವು ದುರ್ಲಭನು. ಆದುದರಿಂದಲೇ ನಂದಲಾಲರು ಮುಂದೆ ತಾವು ಗುರುವಾದಾಗ ಶಿಷ್ಯರ ಚಿತ್ರಗಳನ್ನು ತಿದ್ದುವುದರಲ್ಲಿ ಬಹಳ ಸಂಯಮವನ್ನು ತೋರುತ್ತಿದ್ದರು.

ಶಿವ ಮತ್ತು ಸತಿಯ ಚಿತ್ರಕ್ಕೆ ಪ್ರಾಚ್ಯಕಲಾಸಂಘದ ಪ್ರದರ್ಶನದಲ್ಲಿ 500 ರೂಪಾಯಿ ಬಹುಮಾನ ಬಂದಿತು. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ನಂದಲಾಲರು ಅದನ್ನು ದೇಶಸಂಚಾರಕ್ಕೆ ವೆಚ್ಚಮಾಡಿದರು. ಗುಡಿಗಳನ್ನೂ ಮೂರ್ತಿಗಳನ್ನೂ ಊರೂರಿನ ಕೆಲಸಗಾರರನ್ನೂ ನೋಡುತ್ತ ಅಲೆದರು. 1909ರ ಚಳಿಗಾಲದಲ್ಲಿ ಹೆರಿಂಗ್‌ಹ್ಯಾಮ್ ಎಂಬ ಆಂಗ್ಲ ಮಹಿಳೆಯು ಅಜಂತಾ ಗುಹೆಗಳ ಭಿತ್ತಿಚಿತ್ರಗಳನ್ನು ಪ್ರತಿಮಾಡಲು ಬಂದಾಗ ಸೋದರಿ ನಿವೇದಿತಾ ಅವರ ಪ್ರೇರಣೆಯಿಂದ ನಂದಲಾಲರು ಅಲ್ಲಿಗೆ ಹೋದರು. ಅವನೀಂದ್ರರ ಇತರ ಶಿಷ್ಯರೂ ಆ ಕಾರ್ಯದಲ್ಲಿ ಭಾಗಿಗಳಾಗಿದ್ದರು. ನಮ್ಮ ಮೈಸೂರಿನ ಕೆ. ವೆಂಕಟಪ್ಪನವರೂ ಅವರಲ್ಲಿ ಒಬ್ಬರು. ಅರಮನೆಯ ಚಿತ್ರಗಾರರ ಮನೆತನದಲ್ಲಿ ಹುಟ್ಟಿ, ಮಹಾರಾಜರ ಆಶ್ರಯದಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರರಲ್ಲಿ ಕಲಿತವರು ಅವರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರು ಬರೆದು 1913ರಲ್ಲಿ ಹೊರಬಂದ ಹಿಂದೂ ಹಾಗೂ ಬೌದ್ಧ ಪುರಾಣಕಥೆಗಳ ಗ್ರಂಥಕ್ಕೆ ನಂದಲಾಲರೂ ವೆಂಕಟಪ್ಪನವರೂ ಜೊತೆಯಾಗಿ ಚಿತ್ರಗಳನ್ನು ಬರೆದುಕೊಟ್ಟರು.

ಅಜಂತೆಯಲ್ಲಿ ನಂದಲಾಲರು ಕಂಡುದು ಬರಿಯ ಚಿತ್ರಸೌಂದರ್ಯವನ್ನಲ್ಲ. ಗುಹೆಯ ಒರಟು ಬಂಡೆಯ ಮೇಲೆ ಮಣ್ಣು, ಹೊಟ್ಟು, ನಾರು ಕಲಸಿದ ಗಾರೆಯನ್ನು ಮೆತ್ತಿ, ಅದರ ಮೇಲೆ ತೆಳುವಾಗಿ ಸುಣ್ಣವನ್ನು ಬಳಿದು, ಕಾವಿಕಲ್ಲು, ಹಳದಿ ಮಣ್ಣು, ಹಸುರು ಕಲ್ಲು, ದೀಪದ ಕಾಡಿಗೆ ಮೊದಲಾದುವುಗಳಿಂದ ಬಣ್ಣ ಕಟ್ಟಿದವರು ಗಾರೆಯ ಕೆಲಸವನ್ನು ಬಲ್ಲ ಚಿತ್ರಕಾರರು. ಅವರ ಹೆಸರುಗಳು ಉಳಿದಿಲ್ಲ. ಬೋಧಿಸತ್ತ್ವ ಪದ್ಮಪಾಣಿಯನ್ನು ಬರೆದ ಕೈಯೇ ಬಾಗಿಲ ಮೇಲಿನ ಬಳ್ಳಿಯನ್ನೂ ಮಾಳಿಗೆಯ ಹಂಸಗಳ ಸಾಲನ್ನೂ ಅದೇ ಆದರದಿಂದ ಬರೆದಿದೆ. ಕಲ್ಕತ್ತೆಯಲ್ಲಿ ಕಾಗದವನ್ನು ನೀರಿನಲ್ಲಿ ತೋಯಿಸಿ ತೋಯಿಸಿ ಮಂಜಿನಂತಹ ಬಣ್ಣಗಳನ್ನು ಸಾಧಿಸುವ ರೀತಿಯನ್ನು ಕಲಿತಿದ್ದ ತರುಣನಿಗೆ ಈ ಗಟ್ಟಿಯಾದ ರೇಖೆಗಳು ಹೊಸ ಹಾದಿಯನ್ನು ತೋರಿದುವು. ಅವರ ಆರಂಭದ ಪುರಾಣಚಿತ್ರಗಳು ಪ್ರಖ್ಯಾತವಾದರೂ ಕೊಂಚ ಮೃದುವಾಗಿ, ಕನಸಿನ ಛಾಯೆಯುಳ್ಳವಾಗಿವೆ ಎನ್ನಲೇಬೇಕು. ಬಲವು ಆಮೇಲೆ ಬಂದಿತು. ಬಂದುದು ಭಿತ್ತಿಯಿಂದ, ಮಣ್ಣಿನಿಂದ, ಹಳ್ಳಿಯ ಕೈಗಳಿಂದ.

ಜಪಾನಿನ ವಿದ್ವಾಂಸ ಒಕಾಕುರಾ ಅವರು ಕಲ್ಕತ್ತೆಗೆ ಬಂದಾಗ ನಂದಲಾಲರಿಗೆ ಒಂದು ಸೂತ್ರವನ್ನು ಹೇಳಿಕೊಟ್ಟರು. ಪ್ರಕೃತಿ, ಪರಂಪರೆ, ಸ್ವಂತಿಕೆ ಎಂಬ ಮೂರೂ ಕೂಡಿದಲ್ಲಿ ಮಾತ್ರ ಕಲೆ ನಿಲ್ಲುತ್ತದೆ. ಪ್ರಕೃತಿಯನ್ನು ಬಿಟ್ಟರೆ ಕಲೆ ಬಡವಾಗುತ್ತದೆ, ಪರಂಪರೆಯನ್ನು ಬಿಟ್ಟರೆ ಒರಟಾಗುತ್ತದೆ, ಸ್ವಂತಿಕೆಯಿಲ್ಲದಿದ್ದರೆ ಸಾಯುತ್ತದೆ ಎಂಬುದು ಅದರ ತಾತ್ಪರ್ಯ. ನಂದಲಾಲರು ಇದನ್ನು ಆಜೀವವೂ ಶಿಷ್ಯರಿಗೆ ಬೋಧಿಸಿದರು. ಪರಂಪರೆಯನ್ನು ಹುಡುಕಲು ಅವರು ಗ್ರಂಥಗಳನ್ನು ಮಾತ್ರವೇ ನಂಬಿ ಕೂರಲಿಲ್ಲ. ಕಾಳೀಘಾಟದ ಪಟಚಿತ್ರಕಾರರು, ಮಣ್ಣಿನ ಕುದುರೆಯನ್ನು ಸುಡುವ ಬಾಂಕುರಾ ಸೀಮೆಯ ಕುಂಬಾರರು, ವ್ರತದ ದಿನ ನೆಲದ ಮೇಲೆ ಅಕ್ಕಿಹಿಟ್ಟಿನ ಆಲ್ಪನಾ ಬರೆಯುವ ಗೃಹಿಣಿಯರು, ಹಳೆಯ ಸೀರೆಗಳನ್ನು ಮಡಿಸಿ ಕೌದಿಯ ಮೇಲೆ ನೂಲಿನಿಂದ ಚಿತ್ರ ತೆಗೆಯುವ ಅಜ್ಜಿಯರು ಇವರಲ್ಲೆಲ್ಲ ಅದು ಜೀವಂತವಾಗಿತ್ತು.

ಈ ಹೊತ್ತಿಗೆ ಕವಿ ರವೀಂದ್ರನಾಥರ ದೃಷ್ಟಿ ಅವರ ಮೇಲೆ ಬಿದ್ದಿತು. 1914ರಲ್ಲಿ ಶಾಂತಿನಿಕೇತನಕ್ಕೆ ಬಂದ ತರುಣ ಚಿತ್ರಕಾರರನ್ನು ಕವಿಗಳು ಸಭೆಯಲ್ಲಿ ಪದ್ಯದಿಂದ ಸನ್ಮಾನಿಸಿದ್ದರು. 1919ರಲ್ಲಿ ಅಲ್ಲಿ ಕಲಾಭವನವು ಆರಂಭವಾದಾಗ ನಂದಲಾಲರು ಅಲ್ಲಿಯೇ ಬಂದು ನಿಲ್ಲಬೇಕೆಂದು ಬಯಸಿದರು. ಇಲ್ಲಿ ಒಂದು ಧರ್ಮಸಂಕಟ ಒದಗಿತು. ಅವನೀಂದ್ರರಿಗೆ ಪ್ರಿಯಶಿಷ್ಯನನ್ನು ಕಲ್ಕತ್ತೆಯಿಂದ ಕಳುಹಿಸಿಕೊಡಲು ಮನಸ್ಸಿಲ್ಲ. ಪ್ರಾಚ್ಯಕಲಾಸಂಘದ ಶಾಲೆಯು ಶಿಷ್ಯನ ಬಲದ ಮೇಲೆಯೇ ನಿಲ್ಲಬೇಕಾಗಿತ್ತು. ಅತ್ತ ಹೋದ ನಂದಲಾಲರು ಗುರುವಿನ ಕರೆಗೆ ಓಗೊಟ್ಟು ಕಲ್ಕತ್ತೆಗೆ ಮರಳಿದರು. ಕಲ್ಕತ್ತೆಯಲ್ಲಿ ಕೀರ್ತಿಯಿತ್ತು, ಕೊಳ್ಳುವ ಶ್ರೀಮಂತರಿದ್ದರು, ಗುರುವಿನ ಸಾನ್ನಿಧ್ಯವಿತ್ತು. ಶಾಂತಿನಿಕೇತನದಲ್ಲಿದ್ದುದು ಬಿರುಬಿಸಿಲಿನ ಕೆಂಪು ನೆಲ, ತಾಳೆಯ ಮರ, ಸಂತಾಲರ ಹಳ್ಳಿಗಳು. ಆದರೂ ಅವರ ಮನಸ್ಸು ಅತ್ತಲೇ ಎಳೆಯುತ್ತಿತ್ತು. ಕಡೆಗೆ ಅವನೀಂದ್ರರು ಒಪ್ಪಿದರು. ನಂದಲಾಲರು ಶಾಂತಿನಿಕೇತನದಲ್ಲಿ ನೆಲೆನಿಂತು 1922ರಲ್ಲಿ ಕಲಾಭವನದ ಅಧ್ಯಕ್ಷತೆಯನ್ನು ವಹಿಸಿದರು. 1951ರಲ್ಲಿ ನಿವೃತ್ತರಾಗುವವರೆಗೂ ಅದು ಅವರ ಕರ್ಮಭೂಮಿಯಾಯಿತು. ಗುರುಶಿಷ್ಯರ ಪ್ರೀತಿಗೆ ಇದರಿಂದ ಊನ ಬರಲಿಲ್ಲ. 1924ರಲ್ಲಿ ರವೀಂದ್ರರೊಡನೆ ಚೀನಾ ಜಪಾನುಗಳಿಗೆ ಹೋಗಿ ಬಂದುದನ್ನುಳಿದರೆ ದೂರದೇಶಗಳ ಪ್ರಯಾಣದಲ್ಲಿ ಅವರಿಗೆ ಹೆಚ್ಚಿನ ಆಸಕ್ತಿಯಿರಲಿಲ್ಲ.

ಕಲಾಭವನದಲ್ಲಿ ಅವರು ನಡೆಸಿದ ಶಿಕ್ಷಣಕ್ರಮವು ವಿಚಾರಾರ್ಹವಾದುದು. ಎಲ್ಲರೂ ಅವರನ್ನು ಮಾಸ್ಟರ್‌ಮಶಾಯ್, ಎಂದರೆ ಮೇಷ್ಟರು, ಎಂದೇ ಕರೆಯುತ್ತಿದ್ದರು. ಅವರ ಜೇಬಿನಲ್ಲಿ ಅಂಚೆಕಾರ್ಡಿನ ಅಳತೆಯ ಕಾಗದಗಳು ಸದಾ ಇರುತ್ತಿದ್ದುವು. ದಾರಿಯಲ್ಲಿ ಕಂಡ ಆಡು, ನೊಗ ಹೊತ್ತ ಎಮ್ಮೆ, ಮೀನು ಹಿಡಿಯುವವನು, ಗಾಳಿಗೆ ಬಾಗಿದ ಮರ ಎಲ್ಲವೂ ಅದರಲ್ಲಿ ಮೂಡುತ್ತಿದ್ದುವು. ಬರೆದುದನ್ನು ಶಿಷ್ಯರಿಗೂ ಸ್ನೇಹಿತರಿಗೂ ಕೊಟ್ಟುಬಿಡುತ್ತಿದ್ದರು. ಇಂತಹ ಕಾರ್ಡುಗಳು ಸಾವಿರಗಟ್ಟಲೆಯಾಗಿವೆ. ವಿದ್ಯಾರ್ಥಿಗಳನ್ನು ಕರೆದುಕೊಂಡು ಜಾತ್ರೆಗಳಿಗೂ ಹಳ್ಳಿಗಳಿಗೂ ಹೋಗುತ್ತಿದ್ದರು. ಚಿತ್ರದೊಂದಿಗೆ ಮಣ್ಣಿನ ಕೆಲಸ, ಮರದ ಅಚ್ಚು, ತೊಗಲಿನ ಕೆಲಸ, ನೇಯ್ಗೆ, ಕಸೂತಿ, ಬಟ್ಟೆಗೆ ಮೇಣ ಹಚ್ಚಿ ಬಣ್ಣ ಕಟ್ಟುವ ಬಾತಿಕ್ ಇವುಗಳಿಗೂ ಅಲ್ಲಿ ಸ್ಥಾನವಿದ್ದಿತು. ಆಶ್ರಮದ ಉತ್ಸವಗಳಿಗೆ ಬೇಕಾದ ಆಲ್ಪನಾವನ್ನು ಕಲಿಸಲು ಪೂರ್ವಬಂಗಾಳದ ಸುಕುಮಾರೀದೇವಿ ಎಂಬ ವಿಧವೆಯಾದ ಮಹಿಳೆ ಕಲಾಭವನದಲ್ಲಿ ಅಧ್ಯಾಪಿಕೆಯಾದಳು. ಮನೆಯ ಅಂಗಳದಲ್ಲಿ ಕಲಿತ ವಿದ್ಯೆಗೆ ವಿದ್ಯಾಪೀಠದ ಗೌರವ ಸಂದುದು ಆ ಕಾಲಕ್ಕೆ ಅಲ್ಪವಾದ ಸಂಗತಿಯಲ್ಲ. ನಂದಲಾಲರ ಮಗಳು ಗೌರೀ ಮುಂದೆ ಇದೇ ಕಲೆಯಲ್ಲಿ ಪ್ರಸಿದ್ಧಳಾದಳು.

ಗೋಡೆಯ ಚಿತ್ರಗಳಿಗಾಗಿ ಜಯಪುರದಿಂದ ನರಸಿಂಗಲಾಲನೆಂಬ ಮೇಸ್ತ್ರಿಯನ್ನು ಕರೆಸಿದರು. ಆ ಸೀಮೆಯ ಭಿತ್ತಿಚಿತ್ರದ ವಿಧಾನವು ಬಹು ತಾಳ್ಮೆಯನ್ನು ಬೇಡುತ್ತದೆ. ಬಹುದಿನ ನೀರಿನಲ್ಲಿ ನೆನೆದ ಸುಣ್ಣಕ್ಕೆ ಅಮೃತಶಿಲೆಯ ಪುಡಿಯನ್ನು ಬೆರಸಿ ಗೋಡೆಗೆ ಬಳಿಯಬೇಕು. ಅದು ಹಸಿಯಾಗಿರುವಾಗಲೇ ಬಣ್ಣ ಹಚ್ಚಬೇಕು. ಬಣ್ಣವನ್ನು ಸಣ್ಣ ಕರಣೆಯಿಂದ ಮೆಲ್ಲಗೆ ತಟ್ಟಿ ತಟ್ಟಿ ಗಾರೆಯೊಳಕ್ಕೆ ಇಳಿಸಬೇಕು. ಕಡೆಗೆ ನಯವಾದ ಕಲ್ಲಿನಿಂದ ಉಜ್ಜಿ ತೆಂಗಿನೆಣ್ಣೆ ಸವರಿ ಹೊಳಪೇರಿಸಬೇಕು. ದೇಶವಿಖ್ಯಾತರಾದ ಆಚಾರ್ಯರೂ ಅವರ ಶಿಷ್ಯರೂ ಓದುಬರಹದ ಹಮ್ಮಿಲ್ಲದೆ ಈ ಮೇಸ್ತ್ರಿಯ ಬಳಿ ಕೆಲಸ ಕಲಿತರು. ತಿಳಿದವನು ಯಾರೇ ಆಗಲಿ, ಆ ವಿಷಯದಲ್ಲಿ ಅವನೇ ಗುರು.

ಕಲಾಭವನಕ್ಕೆ 1925ರಲ್ಲಿ ಬಾಂಕುರಾದಿಂದ ಬಂದ ಹುಡುಗನೊಬ್ಬನ ಮಾತನ್ನು ಇಲ್ಲಿ ಬಿಡುವಂತಿಲ್ಲ. ರಾಮಕಿಂಕರ ಬೈಜನು ಕ್ಷೌರಿಕರ ಮನೆಯವನು. ನೆರೆಯ ಕುಂಬಾರರ ಕೆಲಸವನ್ನು ನೋಡುತ್ತ, ನಾಟಕದ ಪರದೆಗಳಿಗೆ ಬಣ್ಣ ಬಳಿಯುತ್ತ ಬೆಳೆದವನು. ನಂದಲಾಲರ ಆಶ್ರಯದಲ್ಲಿ ಅವನು ಆಧುನಿಕ ಭಾರತದ ಮಹಾಶಿಲ್ಪಿಯಾದನು. ಗುರುವಿನ ರೀತಿ ಒಂದು, ಶಿಷ್ಯನ ರೀತಿ ಇನ್ನೊಂದು. ಸಿಮೆಂಟು ಜಲ್ಲಿಕಲ್ಲುಗಳನ್ನು ಎರಚಿ ಸಂತಾಲ ಕುಟುಂಬದ ಬೃಹನ್ಮೂರ್ತಿಯನ್ನು ನಿಲ್ಲಿಸಿದ ಅವನ ಒರಟು ಧಾಟಿಗೂ ನಂದಲಾಲರ ಸಂಯಮಕ್ಕೂ ಬಹಳ ದೂರ. ಆದರೂ ಗುರುವು ಅಡ್ಡಬರಲಿಲ್ಲ. ದೃಷ್ಟಿಮಾಂದ್ಯವುಳ್ಳ ವಿನೋದವಿಹಾರಿ ಮುಖರ್ಜಿಯವರೂ ಇದೇ ಗುರುಕುಲದವರು. ಅವರು ಮುಂದೆ ಪೂರ್ಣ ಅಂಧರಾದ ಮೇಲೆಯೂ ಕೈಯ ಸ್ಪರ್ಶದಿಂದಲೇ ಕೆಲಸ ಮಾಡಿದರು. ಸ್ವಂತಿಕೆಯಿಲ್ಲದ ಅನುಕರಣಶೀಲರಾದ ಶಿಷ್ಯರೂ ನಂದಲಾಲರಿಗೆ ಇಲ್ಲದಿರಲಿಲ್ಲ. ಕೊಡ ಹೊತ್ತ ಸಂತಾಲ ಸ್ತ್ರೀಯರ ನಿರ್ಜೀವ ಚಿತ್ರಗಳು ಎಷ್ಟೋ ಕಾಲ ಮಾಸಪತ್ರಿಕೆಗಳಲ್ಲಿ ತುಂಬಿಹೋಗಿದ್ದುವು. ಅದರ ದೋಷವನ್ನು ಆಚಾರ್ಯರ ತಲೆಗೆ ಕಟ್ಟುವುದು ನ್ಯಾಯವಲ್ಲ.

ವಿದ್ಯಾಭ್ಯಾಸದಲ್ಲಿ ಕಲೆಯ ಸ್ಥಾನವನ್ನು ಕುರಿತು ಬರೆಯುತ್ತ ನಂದಲಾಲರು ಒಂದು ದೃಷ್ಟಾಂತವನ್ನು ಕೊಟ್ಟಿದ್ದಾರೆ. ಬಡ ಸಂತಾಲನು ತನ್ನ ಮಣ್ಣಿನ ಗುಡಿಸಲನ್ನು ಸಾರಿಸಿ, ಮಡಕೆಕುಡಿಕೆಗಳನ್ನೂ ಹರಕು ಕೌದಿಯನ್ನೂ ಒಪ್ಪವಾಗಿ ಜೋಡಿಸಿಡುತ್ತಾನೆ. ಕಾಲೇಜಿನಲ್ಲಿ ಓದಿದ ತರುಣನು ಅರಮನೆಯಂತಹ ವಿದ್ಯಾರ್ಥಿನಿಲಯದಲ್ಲಿ ಬೆಲೆಬಾಳುವ ವಸ್ತುಗಳನ್ನು ಎಲ್ಲೆಂದರಲ್ಲಿ ಚೆಲ್ಲಿರುತ್ತಾನೆ. ಸೌಂದರ್ಯವು ಹಣವಂತರ ವಿಲಾಸವೆಂಬ ಭ್ರಮೆಯು ಈ ಎರಡು ಕೋಣೆಗಳನ್ನು ನೋಡಿದವರಿಗೆ ಉಳಿಯಲಾರದು. ಕಲಾಭವನದ ವಿದ್ಯಾರ್ಥಿಗಳು ವಾಸಿಸುವ ಕರಿಮನೆಯನ್ನು ಆಚಾರ್ಯರೂ ಶಿಷ್ಯರೂ ಈ ಭಾವನೆಯಿಂದಲೇ ಕಟ್ಟಿದರು. ಅದು ಮಣ್ಣಿನ ಮನೆ. ಮಳೆಗೆ ಕರಗದಂತೆ ಮೇಲೆ ಡಾಂಬರು. ಗೋಡೆಗಳ ತುಂಬ ಉಬ್ಬುಶಿಲ್ಪಗಳು. ರವೀಂದ್ರರು ತಮ್ಮ ಮುಪ್ಪಿನಲ್ಲಿ 1935ರಲ್ಲಿ ಪ್ರವೇಶಮಾಡಿದ ಶ್ಯಾಮಲಿಯೆಂಬ ಮಣ್ಣಿನ ಮನೆಯ ಗೋಡೆಗಳನ್ನು ಸಿಂಗರಿಸಿದವರೂ ಇವರೇ. ಇದಲ್ಲದೆ ಕಲಾವಿದರು ತಮ್ಮ ಕೈಕೆಲಸದಿಂದಲೇ ಜೀವನ ಸಾಗಿಸಲೆಂದು ಕಾರುಸಂಘವೆಂಬ ಸಹಕಾರೀ ಸಂಸ್ಥೆಯನ್ನು ನಂದಲಾಲರು ಹುಟ್ಟುಹಾಕಿದರು.

ಮಹಾತ್ಮಾ ಗಾಂಧಿಯವರ ಸಂಪರ್ಕವು ಅವರ ಜೀವನದ ಮಹಾಪರೀಕ್ಷೆ. 1930ರಲ್ಲಿ ಉಪ್ಪಿನ ಸತ್ಯಾಗ್ರಹದ ಕಾಲಕ್ಕೆ ಕೋಲೂರಿ ನಡೆಯುವ ಬಾಪುವಿನ ಚಿತ್ರವನ್ನು ಲಿನೋಲಿಯಮ್ ಅಚ್ಚಿನಲ್ಲಿ ಕೆತ್ತಿ, ಕಪ್ಪು ಬಿಳುಪು ಎರಡರಲ್ಲಿಯೇ ಮುದ್ರಿಸಿದ್ದರು. ಆ ಚಿತ್ರವನ್ನು ಕಾಣದ ಭಾರತೀಯರು ವಿರಳ. 1936ರಲ್ಲಿ ಲಖ್ನೋ ಕಾಂಗ್ರೆಸ್ಸಿನ ಪ್ರದರ್ಶನವನ್ನು ಏರ್ಪಡಿಸಿಕೊಟ್ಟರು. ಅದೇ ವರ್ಷದ ಕೊನೆಗೆ ಖಾನದೇಶದ ಫೈಜಪುರದಲ್ಲಿ, ಮೊತ್ತಮೊದಲಿಗೆ ಒಂದು ಹಳ್ಳಿಯಲ್ಲಿ, ಕಾಂಗ್ರೆಸ್ ಅಧಿವೇಶನ ನೆರೆಯಬೇಕಾಗಿತ್ತು. ಇಡಿಯ ನಗರವನ್ನು ನಂದಲಾಲರೇ ರೂಪಿಸಬೇಕೆಂದು ಗಾಂಧಿಯವರ ಅಪೇಕ್ಷೆ. ನಂದಲಾಲರು ಹಿಂಜರಿದರು, ತಾವು ಚಿತ್ರಕಾರರೇ ಹೊರತು ವಾಸ್ತುವಿದ್ಯೆಯನ್ನು ಬಲ್ಲವರಲ್ಲವೆಂದು ಬಿನ್ನವಿಸಿದರು. ಗಾಂಧಿಯವರು ಬಿಡಲಿಲ್ಲ. ತಮಗೆ ಬೇಕಾದುದು ಪಂಡಿತನಾದ ವಾದ್ಯಗಾರನಲ್ಲ, ಶ್ರದ್ಧೆಯಿಂದ ನುಡಿಸುವ ಸಾಮಾನ್ಯ ಪಿಟೀಲುಗಾರನು ಸಾಕೆಂಬ ಅರ್ಥದ ಉತ್ತರ ಬಂದಿತು. ಹೊರಗಿನಿಂದ ಬೆಲೆಯ ವಸ್ತುಗಳನ್ನು ತರಕೂಡದು, ಹಳ್ಳಿಯ ಸುತ್ತಮುತ್ತ ಸಿಕ್ಕುವುದರಿಂದ ಹಳ್ಳಿಯ ಕೆಲಸಗಾರರೇ ಎಲ್ಲವನ್ನೂ ಕಟ್ಟಬೇಕೆಂಬುದು ನಿಯಮ. ಬಿದಿರು, ಹುಲ್ಲು, ಚಾಪೆ, ಮಡಕೆ, ಬುಟ್ಟಿ ಇವುಗಳಿಂದಲೇ ನಗರ ಎದ್ದು ನಿಂತಿತು. ಪ್ರದರ್ಶನವನ್ನು ಆರಂಭಿಸುತ್ತ ಗಾಂಧಿಯವರು ನಂದಲಾಲರ ಕೆಲಸವನ್ನು ತುಂಬುಹೃದಯದಿಂದ ಕೊಂಡಾಡಿದರು.

ಮರುವರ್ಷ ಇದಕ್ಕಿಂತ ದೊಡ್ಡ ಕರೆ ಬಂದಿತು. 1938ರ ಫೆಬ್ರವರಿಯಲ್ಲಿ ಸುಭಾಷಚಂದ್ರ ಬೋಸರ ಅಧ್ಯಕ್ಷತೆಯಲ್ಲಿ ಗುಜರಾತಿನ ಹರಿಪುರದಲ್ಲಿ ಅಧಿವೇಶನ. ತಾಪೀನದಿಯ ದಡದ ಆ ಊರಿನಲ್ಲಿ ಕಟ್ಟಿದ ಬಿಡಾರಕ್ಕೆ ವಿಠ್ಠಲನಗರವೆಂದು ಹೆಸರು. ದಾರಿಯಲ್ಲಿ ಹೋಗುವ ಹಳ್ಳಿಗನ ಕಣ್ಣಿಗೆ ಬೀಳುವಂತೆ ಚಿತ್ರಗಳನ್ನು ಹೊರಗೇ ತೂಗಹಾಕಬೇಕೆಂಬುದು ಗಾಂಧಿಯವರ ಇಚ್ಛೆ. ನಂದಲಾಲರಿಗೆ ಆಗ ಐವತ್ತೈದು ವರ್ಷ. ಶಿಷ್ಯರನ್ನು ಕೂಡಿಕೊಂಡು ಅವರು ಸುಮಾರು 400 ಚಿತ್ರಗಳನ್ನು ಸಿದ್ಧಪಡಿಸಿದರು. ಅವುಗಳಲ್ಲಿ ಎಂಬತ್ತಕ್ಕೂ ಮಿಕ್ಕಿ ಅವರ ಸ್ವಹಸ್ತದವು. ಕೈಯಿಂದ ತಯಾರಾದ ಕಾಗದವನ್ನು ಹುಲ್ಲಿನ ರಟ್ಟಿಗೆ ಅಂಟಿಸಿ, ಕಾವಿಮಣ್ಣು, ಹಳದಿ ಮಣ್ಣು, ಸುಣ್ಣದ ಬಿಳುಪು, ಕಾಡಿಗೆ ಮುಂತಾದ ಅಗ್ಗದ ಬಣ್ಣಗಳನ್ನು ತಾವೇ ಕಲಸಿಕೊಂಡು ಪಟಚಿತ್ರಕಾರರಂತೆ ವೇಗವಾಗಿ ಬರೆದರು. ತಿದ್ದುವುದಕ್ಕೆ ಅವಕಾಶವಿಲ್ಲ. ಕುಂಚವನ್ನು ಒಮ್ಮೆ ಇಳಿಸಿದರೆ ರೇಖೆ ತುದಿಯವರೆಗೆ ಓಡಲೇಬೇಕು.

ಬರೆದುದಾದರೂ ಯಾರನ್ನು? ಪುರಾಣದ ಸತಿಯನ್ನೂ ಉಮೆಯನ್ನೂ ಬರೆದು ಹೆಸರಾದ ಕೈಯು ಇಲ್ಲಿ ಹತ್ತಿಯನ್ನು ಹಿಂಜುವ ಪಿಂಜಾರನನ್ನು ಬರೆಯಿತು. ಮಂಡಿಯ ಮೇಲೆ ಬಟ್ಟೆ ಹಾಸಿಕೊಂಡು ಸೂಜಿ ಎಳೆಯುವ ದರ್ಜಿಯನ್ನು ಬರೆಯಿತು. ಡೋಲು ಬಾರಿಸುವವನು, ವೀಣೆ ನುಡಿಸುವವಳು, ಬತ್ತ ಕುಟ್ಟುವ ಹೆಂಗಸರು, ಬೇಟೆಗಾರ, ಹೋರಿಯನ್ನು ಹಿಡಿದು ನಿಲ್ಲಿಸುವವನು ಹೀಗೆ ದುಡಿಯುವ ಭಾರತದ ಸಾಲು. ವಿಶೇಷವೆಂದರೆ ಈ ಆಕೃತಿಗಳಲ್ಲಿ ಅನೇಕವನ್ನು ಅವರು ದೇಗುಲದ ಗೂಡಿನಲ್ಲಿ ದೇವರನ್ನು ಕೂರಿಸುವಂತೆ ಕಮಾನಿನ ಕೆಳಗೆ ಕೂರಿಸಿದ್ದಾರೆ. ಪಿಂಜಾರನ ಬಿಲ್ಲು ಬಾಗಿದ ರೇಖೆ, ಅವನ ಮೈ ಬಾಗಿದ ರೇಖೆ, ಮೇಲಿನ ಕಮಾನಿನ ರೇಖೆ ಮೂರೂ ಒಂದೇ ತಾಳದಲ್ಲಿವೆ. ಕಾಯಕದಲ್ಲಿ ತೊಡಗಿದವನ ಮೈಯಲ್ಲಿ ತಾನಾಗಿಯೇ ಮೂಡುವ ಲಯವನ್ನು ಇಷ್ಟು ನಿಕಟವಾಗಿ ಕಂಡ ಚಿತ್ರಕಾರರು ಆಧುನಿಕ ಕಾಲದಲ್ಲಿ ಹೆಚ್ಚು ಮಂದಿಯಿಲ್ಲ. ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ಮಾದಾರ ಚೆನ್ನಯ್ಯ ಎಂದು ಕಾಯಕದ ಹೆಸರನ್ನು ಮುಂದಿಟ್ಟುಕೊಂಡೇ ಶರಣರನ್ನು ನೆನೆಯುವ ನಾಡಿನ ವಾಚಕರಿಗೆ ಈ ಗೂಡುಗಳಲ್ಲಿ ಕುಳಿತವರು ಅಪರಿಚಿತರೆನಿಸಲಾರರು.

ಈ ಚಿತ್ರಗಳು ಶಾಶ್ವತವಾಗಿ ಉಳಿಯಲೆಂದು ಬರೆದುವಲ್ಲ. ಕಾಗದ ಅಗ್ಗದ್ದು; ಬಿಸಿಲು, ಧೂಳು, ಗಾಳಿಗೆ ಒಡ್ಡಿಕೊಂಡು ದ್ವಾರಗಳ ಮೇಲೂ ಗುಡಾರಗಳ ಮಗ್ಗುಲಲ್ಲಿಯೂ ನಿಲ್ಲತಕ್ಕವು. ಜಾತ್ರೆ ಮುಗಿದ ಮೇಲೆ ಹೊಳೆಗೆ ಬಿಡುವ ಮಣ್ಣಿನ ಮೂರ್ತಿಯನ್ನು ಖರಗ್‌ಪುರದ ಕುಂಬಾರನು ಹೇಗೆ ಮಾಡುತ್ತಿದ್ದನೋ ಹಾಗೆಯೇ ನಂದಲಾಲರು ಇವನ್ನು ಮಾಡಿದರು. ಕೆಲವು ದಿನಗಳ ಅಲಂಕಾರವೆಂದು ಶಕ್ತಿಯನ್ನು ಉಳಿಸಿಕೊಳ್ಳಲಿಲ್ಲ. ಹಲವು ಉಳಿದು, ಇಂದು ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾಸಂಗ್ರಹಾಲಯದಲ್ಲಿ ಗಾಜಿನ ಹಿಂದೆ ಭದ್ರವಾಗಿರುವುದು ವಿಧಿಯ ವಿನೋದವೇ ಸರಿ.

ಅನಂತರದ ಕೃತಿಗಳನ್ನು ಸಂಕ್ಷೇಪವಾಗಿ ಹೇಳಬಹುದು. ಬಡೋದೆಯ ಕೀರ್ತಿಮಂದಿರದ ಗೋಡೆಗಳ ಮೇಲೆ 1939ರಿಂದ 1946ರವರೆಗೆ ಗಂಗಾವತರಣ, ಮೀರಾಬಾಯಿಯ ಜೀವನ, ಅಭಿಮನ್ಯುವಧೆ ಮೊದಲಾದುವನ್ನು ಬರೆದರು. 1943ರ ಘೋರಕ್ಷಾಮದಲ್ಲಿ ಬಂಗಾಳದ ಬೀದಿಗಳು ಹೆಣಗಳಿಂದ ತುಂಬಿದಾಗ ಅನ್ನಪೂರ್ಣೆಯ ಚಿತ್ರವನ್ನು ಬರೆದರು. ಅದರಲ್ಲಿ ದೇವಿಯ ಮುಂದೆ ಕುಣಿಯುವ ಶಿವನು ಎಲುಬಿನ ಹಂದರವಾಗಿದ್ದಾನೆ. ಯೌವನದಲ್ಲಿ ಶಿವನನ್ನು ಬರೆದ ಮೃದುವಾದ ಕುಂಚಕ್ಕೂ ಈ ಶಿವನನ್ನು ಬರೆದ ಕುಂಚಕ್ಕೂ ಇರುವ ಅಂತರವನ್ನು ನೋಡಿದರೆ ಆ ಮೂವತ್ತೈದು ವರ್ಷಗಳಲ್ಲಿ ಅವರು ಎಲ್ಲಿ ನಡೆದು ಬಂದರೆಂಬುದು ತಿಳಿಯುತ್ತದೆ.

ಸ್ವತಂತ್ರಭಾರತದ ಸಂವಿಧಾನದ ಮೂಲಪ್ರತಿಯನ್ನು ಸಿಂಗರಿಸುವ ಭಾರವೂ ಅವರ ಮೇಲೆ ಬಿದ್ದಿತು. ಆ ಮಹಾಗ್ರಂಥವು ಅಚ್ಚಿನ ಮೊಳೆಗಳಿಂದ ಜೋಡಿಸಿದುದಲ್ಲ. ಪ್ರೇಮವಿಹಾರೀ ನಾರಾಯಣ ರಾಯಜಾದಾ ಅವರು ಲೇಖನಿಯಿಂದ ಅಕ್ಷರ ಅಕ್ಷರವಾಗಿ ಬರೆದುದು. ಅದರ ಇಪ್ಪತ್ತೆರಡು ಭಾಗಗಳ ಆರಂಭಕ್ಕೆ ನಂದಲಾಲರೂ ಶಾಂತಿನಿಕೇತನದ ಅವರ ಸಹಚರರೂ ಮೊಹೆಂಜೊದಾರೋವಿನ ಗೂಳಿಯ ಮುದ್ರೆಯಿಂದ ತೊಡಗಿ ದೇಶದ ಚರಿತ್ರೆಯನ್ನು ಚಿತ್ರಿಸಿದರು. ಪೀಠಿಕೆಯ ಪುಟದ ಅಲಂಕಾರವು ಅವರ ಶಿಷ್ಯ ರಾಮಮನೋಹರ ಸಿಂಹರದು. 1950ನೆಯ ಜನವರಿ 24ರಂದು ರಾಷ್ಟ್ರನಾಯಕರು ಸಹಿ ಹಾಕಿದುದು ಕೈಬರಹದ, ಕೈಚಿತ್ರದ ಈ ಪುಸ್ತಕಕ್ಕೆ.

1954ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮವಿಭೂಷಣ ಪ್ರಶಸ್ತಿಯನ್ನಿತ್ತಿತು. ಆ ಪ್ರಶಸ್ತಿಯು ಸ್ಥಾಪಿತವಾದ ಮೊದಲ ವರ್ಷ ಅದು. ವಿದ್ಯಾಪೀಠಗಳೂ ಅವರನ್ನು ಗೌರವಿಸಿದುವು. ನಿವೃತ್ತರಾದ ಮೇಲೆಯೂ ಅವರು ಚಿತ್ರ ಬರೆಯುವುದನ್ನು ಬಿಡಲಿಲ್ಲ. ಬಣ್ಣಗಳು ಕಡಿಮೆಯಾಗುತ್ತ ಬಂದು ಬರಿಯ ಮಸಿಯೊಂದೇ ಸಾಕೆನ್ನಿಸಿತು. ಮರ, ಗುಡ್ಡ, ದಾರಿಹೋಕ, ಆಡುಮರಿ ಇವೇ ವಿಷಯ. 1965ರಲ್ಲಿ ಸಹಾಧ್ಯಾಯಿ ವೆಂಕಟಪ್ಪನವರು ತೀರಿಕೊಂಡರು. ಮರುವರ್ಷ, 1966ನೆಯ ಏಪ್ರಿಲ್ 16ರಂದು, ನಂದಲಾಲರು ದೇಹವಿಟ್ಟರು. ಅವರ ಕೃತಿಗಳಲ್ಲಿ ಸುಮಾರು 7000ದಷ್ಟು ದೆಹಲಿಯ ಸಂಗ್ರಹಾಲಯದಲ್ಲಿವೆ. ಅವುಗಳಲ್ಲಿ ಬಹಳಷ್ಟು ಅಂಚೆಕಾರ್ಡಿನಷ್ಟೇ ಅಗಲದ ಕಾಗದದ ಚೂರುಗಳು. ಶಾಂತಿನಿಕೇತನದಲ್ಲಿ ಕರಿಮನೆ ನಿಂತಿದೆ. ಉತ್ಸವದ ದಿನಗಳಲ್ಲಿ ವಿದ್ಯಾರ್ಥಿಗಳು ನಸುಕಿನಲ್ಲೆದ್ದು ನೆಲದ ಮೇಲೆ ಆಲ್ಪನಾ ಬರೆಯುತ್ತಾರೆ. ಸಂಜೆಯಾಗುವಷ್ಟರಲ್ಲಿ ಅದು ಜನರ ಕಾಲಡಿಯಲ್ಲಿ ಅಳಿಸಿಹೋಗುತ್ತದೆ.